ಗೋಕಾಕದ ಹಣ್ಣು, ದಡ್ಡಿಯ ಕಾಗದ

ಗೋಕಾಕ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಜಲಪಾತ ಮತ್ತು ಕರದಂಟು. ನಾವು ಚಿಕ್ಕವರಿದ್ದಾಗ ಮೂರನೆಯದೊಂದಿತ್ತು: ಕಟ್ಟಿಗೆಯ ಹಣ್ಣು. ಪಡಸಾಲೆಯ ಕಪಾಟಿನಲ್ಲಿ ಮಾವು, ಪೇರಲ, ಬದನೆ, ಹಾಗಲ ಸಾಲಾಗಿ ಕೂತಿರುತ್ತಿದ್ದವು. ಮನೆಗೆ ಬಂದ ಬೀಗರು ಒಂದನ್ನೆತ್ತಿ, ಅದರ ಹಗುರಕ್ಕೆ ನಕ್ಕು, ಮತ್ತೆ ಇಡುತ್ತಿದ್ದರು.

1908ರ ಇಂಪೀರಿಯಲ್ ಗೆಜೆಟಿಯರ್ ಈ ಊರಿನ ಬಗ್ಗೆ ಎರಡು ಮಾತು ಹೇಳುತ್ತದೆ: ಇಲ್ಲಿ ಒರಟು ಕಾಗದ ತಯಾರಾಗುತ್ತದೆ, ಹಗುರ ಕಟ್ಟಿಗೆ ಹಾಗೂ ಮಣ್ಣಿನ ಗೊಂಬೆಗಳು ಹೆಸರಾಗಿವೆ. ಬಣ್ಣ ಹಚ್ಚುವ ಕೈ ಯಾರದೆಂದು ಸಾಹೇಬರು ಕೇಳಿದಂತಿಲ್ಲ. ಮನೆಯೇ ಕಾರ್ಖಾನೆಯಾದ ಕಸುಬಿನಲ್ಲಿ ಹೆಂಗಸರ ಕೈ ಸೋಕದೆ ಒಂದು ಹಣ್ಣಾದರೂ ಅಂಗಡಿಗೆ ಹೋಗಿದ್ದೀತೆ? ನನಗಂತೂ ನಂಬಿಕೆಯಿಲ್ಲ.

ದಡ್ಡಿಯ ಶಾಲೆಯಲ್ಲಿ ನಮ್ಮ ಹುಡುಗಿಯರು ಸಂಕ್ರಾಂತಿಗೆ ಶುಭಾಶಯ ಪತ್ರ ಮಾಡುತ್ತಿದ್ದರು. ಆಲೂಗಡ್ಡೆಯನ್ನು ಹೋಳು ಮಾಡಿ, ಹಣ್ಣಿನಾಕಾರ ಕೆತ್ತಿ, ಮಸಿಯಲ್ಲಿ ಅದ್ದಿ ಒತ್ತುವುದು. ಅಚ್ಚೇನೋ ಚೆನ್ನಾಗಿ ಬೀಳುತ್ತಿತ್ತು. ಒಳಗೆ ಒಂದೇ ಬಣ್ಣ ಬಳಿದರೆ ಮಾವು ಹಳದಿ ಗುಂಡಿಯಂತೆ ಕಾಣುತ್ತಿತ್ತು. ಆಗ ಒಬ್ಬಳು ಮನೆಯಲ್ಲಿದ್ದ ಹಳೆಯ ಕಟ್ಟಿಗೆಯ ಪೇರಲ ತಂದಳು. ಅದರ ಬಣ್ಣ ಒಂದು ಕಡೆ ಚಕ್ಕೆ ಎದ್ದಿತ್ತು. ಮೇಲೆ ಹೊಳಪು, ಅದರಡಿ ಹಸಿರು, ಹಳದಿ, ಕೆಳಗೆ ಬಿಳಿ ಮಣ್ಣು, ಕೊನೆಗೆ ಕಟ್ಟಿಗೆ. ಪದರ ಪದರವಾಗಿ ಕಸುಬೇ ಬಿಚ್ಚಿಕೊಂಡಿತ್ತು.

ನಾವೂ ಅದೇ ದಾರಿ ಹಿಡಿದೆವು. ಅಚ್ಚು ಪೂರ್ತಿ ಒಣಗಬೇಕು, ಇಲ್ಲವಾದರೆ ಮಸಿ ಬಣ್ಣಕ್ಕೆ ಕದಡುತ್ತದೆ. ಮೊದಲು ತೆಳು ಹಳದಿ, ಬೆಳಕು ಬೀಳುವ ಕಡೆ ಕಾಗದದ ಬಿಳುಪನ್ನು ಹಾಗೇ ಬಿಡಬೇಕು. ಹಳದಿ ಇನ್ನೂ ಹಸಿಯಿರುವಾಗಲೇ ತೊಟ್ಟಿನ ಬಳಿ ಕೆಂಪು ಮುಟ್ಟಿಸಿದರೆ ಅದು ತಾನೇ ಹರಡಿ ಮಾವು ಮಾಗುತ್ತದೆ! ಪೇರಲದ ಚುಕ್ಕಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನ ಸಿಂಪಡಿಕೆ. ಹಾಗಲದ ಗಂಟುಗಳಿಗೆ ಫೆವಿಕಾಲ್‌ನ ಹನಿಯಿಟ್ಟು, ಒಣಗಿದ ಮೇಲೆ ಹಸಿರು. ಜೋಳದ ರೊಟ್ಟಿಗೆ ಮಾತ್ರ ಅಂಟು ಸವರಿ ಸಣ್ಣ ರವೆ ಉದುರಿಸಿ, ಒಣ ಬಟ್ಟೆಯಿಂದ ಕಂದು ಬಣ್ಣ ಒತ್ತಿದೆವು. ಸುಟ್ಟ ಚುಕ್ಕೆಗಳು ಸರಿಯಾಗಿ ಬಿದ್ದವು. ಇದನ್ನು ಹುಡುಗಿಯರಿಗೆ ನಾನು ಹೇಳಿಕೊಡಬೇಕಾಗಲಿಲ್ಲ. ಹೆಂಚಿನ ಮುಂದೆ ಕೂತವರಿಗೆ ರೊಟ್ಟಿ ಎಲ್ಲಿ ಸುಡುತ್ತದೆಂದು ಗೊತ್ತು.

ಊಟದ ಚಿತ್ರಕ್ಕೆ ಕೈಬಣ್ಣ ಹಚ್ಚಿ ಪತ್ರ ಕಳಿಸುವುದು ಹೊಸತೇನಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ ಕ್ರಿಸ್ಮಸ್ ಪತ್ರದಲ್ಲೂ ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಕೂತಿದ್ದಾರೆ. ಅಚ್ಚು ಕಲ್ಲಿನದು, ಬಣ್ಣ ಕೈಯದು. ಬೆಲೆ ಒಂದು ಶಿಲಿಂಗ್, ಬಡವರಿಗೆ ಎಟುಕುವಂಥದಲ್ಲ.

ನಮ್ಮದಕ್ಕೆ ಖರ್ಚು ಕಡಿಮೆ. ಹಳೆಯ ಲಗ್ನಪತ್ರಿಕೆಗಳ ಬಿಳಿ ಬದಿಯೇ ಕಾಗದ. ಜಾತ್ರೆಯಲ್ಲೀಗ ಪ್ಲಾಸ್ಟಿಕ್ ಹಣ್ಣುಗಳದೇ ರಾಶಿ, ಒಂದರಂತೆ ಇನ್ನೊಂದು. ಆ ಪೇರಲವನ್ನು ಹುಡುಗಿಯ ತಾಯಿ ಬಣ್ಣ ಬಳಿಸದೆ, ಚಕ್ಕೆ ಎದ್ದ ಬದಿ ಮುಂದೆ ಮಾಡಿ ಮತ್ತೆ ಕಪಾಟಿನಲ್ಲಿಟ್ಟರು.