ಸಾಬೂನಿನಿಂದ ಹುಟ್ಟಿದ ಹುದ್ದೆ



ಪುಣೆ, ಹೈದರಾಬಾದ್, ಚೆನ್ನೈಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನಮ್ಮ ಕೇಳುಗರಿಗೆ 'ಪ್ರಾಡಕ್ಟ್ ಮ್ಯಾನೇಜರ್' ಎಂಬ ಹುದ್ದೆ ಹೊಸದಲ್ಲ. ಆದರೆ ಅದರ ಮೂಲ ಕಂಪ್ಯೂಟರ್ ಅಲ್ಲ, ಮೈಗೆ ಹಚ್ಚುವ ಸಾಬೂನು ಎಂದರೆ ಅಚ್ಚರಿಯಾದೀತು!

ಅಮೆರಿಕದ ಸಿನ್ಸಿನಾಟಿ ನಗರದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ 26 ವರ್ಷದ ನೀಲ್ ಮ್ಯಾಕೆಲ್ರಾಯ್ 'ಕ್ಯಾಮೆ' ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದರು. ಅದೇ ಕಂಪನಿಯ ಹಳೆಯ 'ಐವರಿ' ಸಾಬೂನಿನ ನೆರಳಿನಲ್ಲಿ ಕ್ಯಾಮೆ ಸೊರಗಿತ್ತು. 1931ರ ಮೇ 13ರಂದು ಅವರು ಮೂರು ಪುಟದ ಟಿಪ್ಪಣಿಯೊಂದನ್ನು ಬರೆದರು. ಒಂದೊಂದು ಬ್ರ್ಯಾಂಡಿಗೂ ಅದರ ಹೊಣೆ ಹೊರುವ ಮನುಷ್ಯ ಬೇಕು ಎಂಬುದು ಅದರ ಸಾರ. ಮಾರಾಟ ಎಲ್ಲಿ ಕುಗ್ಗಿದೆಯೋ ಅಲ್ಲಿಗೆ ಅವನು ಸ್ವತಃ ಹೋಗಬೇಕು. ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು ತೊಂದರೆ ಏನೆಂದು ತಿಳಿಯಬೇಕು. ಮದ್ದನ್ನೂ ಅವನೇ ಸೂಚಿಸಬೇಕು. ಕಂಪನಿ ಒಪ್ಪಿತು. ಮ್ಯಾಕೆಲ್ರಾಯ್ 1948ರಲ್ಲಿ ಅದರ ಅಧ್ಯಕ್ಷರಾದರು. 1957ರಿಂದ 1959ರವರೆಗೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆಗಿದ್ದರು.

ಮುಂದೆ ಈ ವಿಚಾರ ಸಾಫ್ಟ್‌ವೇರ್ ಲೋಕಕ್ಕೂ ಬಂತು. ಅಲ್ಲಿ ಹೊಸ ಕೆಲಸವೊಂದು ಸೇರಿಕೊಂಡಿತು: ಗ್ರಾಹಕರ ಬೇಡಿಕೆಯನ್ನು ಎಂಜಿನಿಯರುಗಳಿಗೆ ತಿಳಿಯುವಂತೆ ಬರೆದುಕೊಡುವುದು. 2001ರಲ್ಲಿ ಯೂಟಾ ರಾಜ್ಯದಲ್ಲಿ 17 ಮಂದಿ ಸೇರಿ ಹೊರಡಿಸಿದ 'ಅಜೈಲ್' ಪ್ರಣಾಳಿಕೆಯು ದಪ್ಪ ದಪ್ಪ ದಾಖಲೆಗಳಿಗಿಂತ ನಡೆಯುವ ಸಾಫ್ಟ್‌ವೇರ್ ಮೇಲು ಎಂದಿತು. ಆದರೂ ನಡುವೆ ನಿಂತು ಬರೆದುಕೊಡುವ ಕೆಲಸ ಉಳಿದೇ ಇತ್ತು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪೆಟ್ಟು ಬಿದ್ದಿರುವುದು ಈ ಕೆಲಸಕ್ಕೇ. ನೂರಾರು ದೂರುಗಳ ಸಾರಾಂಶ ಈಗ ನಿಮಿಷಗಳಲ್ಲಿ ಸಿದ್ಧ. ಕೋಡ್ ಬರೆಯಲು ಬಾರದವರೂ ಮಾತಿನಲ್ಲೇ ವಿವರಿಸಿ ಸಣ್ಣ ಮಾದರಿಯೊಂದನ್ನು ಮಾಡಿ ತೋರಿಸಬಹುದು. ಹಾಗಾದರೆ ನಡುವಿನ ಈ ಮನುಷ್ಯ ಇನ್ನೂ ಬೇಕೇ?

1931ರ ಟಿಪ್ಪಣಿಯನ್ನು ನೆನೆದರೆ ಉತ್ತರ ಸಿಗುತ್ತದೆ. ದೂರುಗಳ ಸಾರಾಂಶದಲ್ಲಿ ಇರುವುದು ದೂರು ಬರೆದವರ ಮಾತು ಮಾತ್ರ. ಏನೂ ಹೇಳದೆ ಬೇರೆ ಸಾಬೂನಿಗೆ ಹೋದವರು ಅದರಲ್ಲಿ ಇಲ್ಲ. ರೇಡಿಯೋದವರಾದ ನಮಗೆ ಇದು ಚೆನ್ನಾಗಿ ಗೊತ್ತು: ಪತ್ರ ಬರೆಯುವ ಕೇಳುಗರನ್ನು ಬಲ್ಲೆವು, ಸುಮ್ಮನೆ ಸ್ಟೇಷನ್ ಬದಲಿಸಿದವರನ್ನು ಬಲ್ಲೆವೇ? ಅಂಥವರನ್ನು ಹುಡುಕಿಕೊಂಡು ಹೋಗಬೇಕು. ತೀರ್ಮಾನ ತಪ್ಪಾದರೆ ಯಂತ್ರ ಹೊಣೆ ಹೊರುವುದಿಲ್ಲ, ಮನುಷ್ಯನೇ ಹೊರಬೇಕು. ನಡುವೆ ಸೇರಿಕೊಂಡ ಬರವಣಿಗೆ ಯಂತ್ರಕ್ಕೆ ಹೋಗಬಹುದು. ಮೊದಲಿನ ಹೊಣೆ ಎಲ್ಲಿಗೂ ಹೋಗಿಲ್ಲ.

ಈ ಹುದ್ದೆಯಲ್ಲಿರುವ ಕೇಳುಗರು ತಮ್ಮ ಅನುಭವ ಬರೆದು ತಿಳಿಸಿ. ಪತ್ರಗಳನ್ನು ನಾವೇ ಓದುತ್ತೇವೆ!