ತೌರಾತ್‌ನ ವ್ಯಾಖ್ಯಾನ ಪರಂಪರೆ: ನಮ್ಮ ಕರಾವಳಿಯನ್ನೂ ಮುಟ್ಟಿದ ಒಂದು ಚರಿತ್ರೆ

ಪವಿತ್ರ ಕುರ್‌ಆನ್ ತೌರಾತನ್ನು ಮಾರ್ಗದರ್ಶನವೂ ಪ್ರಕಾಶವೂ ಇದ್ದ ಗ್ರಂಥವೆಂದು ಪರಿಚಯಿಸುತ್ತದೆ. ಅದನ್ನು ಕಾಪಾಡುವ ಹೊಣೆಯನ್ನು ರಬ್ಬಾನಿಗಳಿಗೂ ವಿದ್ವಾಂಸರಿಗೂ ವಹಿಸಲಾಗಿತ್ತೆಂದು ಅಲ್‌ಮಾಇದಾ ಅಧ್ಯಾಯವು ತಿಳಿಸುತ್ತದೆ. ಆ ವಿದ್ವಾಂಸರು ತಮ್ಮ ಗ್ರಂಥವನ್ನು ಶತಮಾನಗಳುದ್ದಕ್ಕೂ ಹೇಗೆ ಓದಿದರು, ಹೇಗೆ ವ್ಯಾಖ್ಯಾನಿಸಿದರು ಎಂಬುದು ನಮಗೆ ದೂರದ ವಿಷಯವೆನಿಸಬಹುದು. ಆದರೆ ಆ ಚರಿತ್ರೆಯ ಒಂದು ಎಳೆ ನಮ್ಮ ನಾಡಿನಲ್ಲಿಯೇ ಇದೆ.

ಕಳಸ, ಮೂಡಿಗೆರೆಯ ಕಾಫಿ ತೋಟಗಳ ಆಚೆ ತಲೆಯೆತ್ತಿ ನಿಂತಿರುವ ಕುದುರೆಮುಖ ಶಿಖರವು ಕಡಲಿನಿಂದ ಮಂಗಳೂರಿನತ್ತ ಬರುವ ನಾವಿಕರಿಗೆ ಗುರುತಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಹಾಗೆ ಬಂದವರಲ್ಲಿ ಉತ್ತರ ಆಫ್ರಿಕದ ಮಹ್ದಿಯ್ಯಾ ನಗರದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಒಬ್ಬನು. ಸುಮಾರು 1132ರಿಂದ 1149ರವರೆಗೆ ಈ ತೀರದಲ್ಲಿದ್ದ ಅವನು ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದನು. 1132ರ ಅಕ್ಟೋಬರ್ 17ರಂದು ಆಶು ಎಂಬ ಸ್ಥಳೀಯ ದಾಸಿಗೆ ಮಂಗಳೂರಿನಲ್ಲಿ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅಂಥ ಪತ್ರ ಹೇಗಿರಬೇಕೆಂಬುದನ್ನು ತೌರಾತ್ ವಿವರಿಸುವುದಿಲ್ಲ. ಅದನ್ನು ನಿರ್ಧರಿಸಿದವರು ಯಹೂದಿ ವಿದ್ವಾಂಸರು. ಗ್ರಂಥದ ಮಾತು ಬದುಕಿನ ನಿಯಮವಾಗುವುದು ವ್ಯಾಖ್ಯಾನದ ಮೂಲಕವೇ ಎಂಬುದಕ್ಕೆ ಈ ಪತ್ರವೊಂದೇ ಸಾಕ್ಷಿ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಬಳಿಕ ಯಹೂದಿ ಸಮುದಾಯಕ್ಕೆ ಗ್ರಂಥ ಮತ್ತು ಅದರ ಅಧ್ಯಯನವೇ ಆಸರೆಯಾಯಿತು. ಬಾಯಿಂದ ಬಾಯಿಗೆ ಬಂದ ನಿಯಮಗಳನ್ನು ಸುಮಾರು 200ರಲ್ಲಿ ಯಹೂದಾ ಹನಸಿ ಎಂಬ ಗುರು ಮಿಷ್ನಾ ಎಂಬ ಹೆಸರಿನಲ್ಲಿ ಕ್ರೋಡೀಕರಿಸಿದರು. ಅದರ ಮೇಲಿನ ಚರ್ಚೆಗಳು ಬೆಳೆದು ಫೆಲೆಸ್ತೀನಿನಲ್ಲಿ ಒಂದು, ಇರಾಕಿನಲ್ಲಿ ಇನ್ನೊಂದು ತಲ್ಮೂದ್ ರೂಪುಗೊಂಡವು. ವಚನವನ್ನು ಶೋಧಿಸಿ ಅರ್ಥ ಹೇಳುವ ಕ್ರಮಕ್ಕೆ ಮಿದ್ರಾಶ್ ಎಂದು ಹೆಸರು. ನಮ್ಮ ಮಸೀದಿಗಳ ‘ದರ್ಸ್’, ನಮ್ಮ ಮಕ್ಕಳ ‘ಮದ್ರಸ’ ಎಂಬ ಪದಗಳು ಇದಕ್ಕೆ ಬಂಧುಗಳು.

ಒಂದು ಉದಾಹರಣೆಯನ್ನು ನೋಡೋಣ. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬುದು ತೌರಾತ್‌ನ ನಿಯಮ. ರಬ್ಬಿಗಳು ಇದನ್ನು ಗಾಯಕ್ಕೆ ತಕ್ಕ ಪರಿಹಾರಧನವೆಂದು ವ್ಯಾಖ್ಯಾನಿಸಿದರು. ಒಬ್ಬನ ದೃಷ್ಟಿಯ ಮೂರನೇ ಒಂದು ಭಾಗ ಹೋಗಿದ್ದರೆ, ಇನ್ನೊಬ್ಬನ ದೃಷ್ಟಿಯಿಂದ ಅಷ್ಟನ್ನೇ ಅಳೆದು ತೆಗೆಯುವುದು ಹೇಗೆಂದು ಮುಂದೆ ಸಅದಿಯಾ ಎಂಬ ವಿದ್ವಾಂಸರು ವಾದಿಸಿದರು. ಕುರ್‌ಆನ್ ಇದೇ ನಿಯಮವನ್ನು ಸ್ಮರಿಸಿ, ಕ್ಷಮಿಸುವವನಿಗೆ ಅದು ಪಾಪ ಪರಿಹಾರವಾಗುವುದೆಂದು ಸಾರುತ್ತದೆ. ನಮ್ಮ ಫಿಕ್‌ಹ್‌ನಲ್ಲಿ ಪ್ರತೀಕಾರ, ಪರಿಹಾರಧನ, ಕ್ಷಮೆ ಎಂಬ ಮೂರು ದಾರಿಗಳೂ ಇವೆ.

ಈ ಸಅದಿಯಾ (882–942) ಬಗ್ದಾದಿನ ಖಿಲಾಫತ್ತಿನ ಕಾಲದವರು. ತಲ್ಮೂದನ್ನು ತಿರಸ್ಕರಿಸಿ ಮೂಲಗ್ರಂಥವೊಂದೇ ಸಾಕೆಂದ ಖರಾಯಿ ಪಂಥದವರನ್ನು ಅವರು ಎದುರಿಸಿದರು. ತೌರಾತನ್ನು ಅರಬಿಗೆ ಅನುವಾದಿಸಿದರು. ಆ ಕೃತಿಯ ಹೆಸರೇ ‘ತಫ್ಸೀರ್’. ಅರಬಿ ವ್ಯಾಕರಣ ಶಾಸ್ತ್ರವನ್ನು ಕಂಡ ಯಹೂದಿಗಳು ಹೀಬ್ರೂವಿಗೂ ಅಂಥ ವ್ಯಾಕರಣವನ್ನು ರಚಿಸಿಕೊಂಡರು. ಮುಸ್ಲಿಮ್ ಆಡಳಿತದಲ್ಲಿ ಅವರ ವ್ಯಾಖ್ಯಾನ ಹೀಗೆ ಹೊಸ ಬಲ ಪಡೆಯಿತು. ಬೆನ್ ಯಿಜುವಿನ ಪತ್ರಗಳೂ ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ ಭಾಷೆಯಲ್ಲಿಯೇ ಇವೆ. ದೇವನಾಮವಿರಬಹುದಾದ ಕಾಗದವನ್ನು ಎಸೆಯಬಾರದೆಂಬ ಗೌರವದಿಂದ ಕೈರೋದ ಯಹೂದಿ ಪ್ರಾರ್ಥನಾಲಯದ ಉಗ್ರಾಣದಲ್ಲಿ ಅವು ಉಳಿದುಬಂದವು. ಹಳೆಯ ಮುಸ್‌ಹಫನ್ನು ಗೌರವದಿಂದ ಹೂಳುವ ನಮಗೆ ಈ ಭಾವನೆ ಅಪರಿಚಿತವೇ?

ಫ್ರಾನ್ಸಿನ ರಾಶಿ (1040–1105) ವಚನದ ಸರಳಾರ್ಥಕ್ಕೆ ಹೆಚ್ಚು ಒತ್ತು ಕೊಟ್ಟರು. ಈಜಿಪ್ಟಿನ ಮೂಸಾ ಬಿನ್ ಮೈಮೂನ್ (1138–1204) ಗ್ರಂಥ ಮತ್ತು ತರ್ಕವನ್ನು ಹೊಂದಿಸುವ ತಮ್ಮ ಪ್ರಸಿದ್ಧ ಕೃತಿಯನ್ನು ಅರಬಿಯಲ್ಲಿಯೇ ಬರೆದರು. ಅವರ ತಮ್ಮ ದಾವೂದ್ ವ್ಯಾಪಾರಕ್ಕಾಗಿ ಭಾರತದತ್ತ ಹೊರಟು ಕಡಲಲ್ಲಿ ಮುಳುಗಿ ತೀರಿಕೊಂಡನು. ಹದಿಮೂರನೆಯ ಶತಮಾನದ ಕೊನೆಗೆ ಸರಳಾರ್ಥ, ಸೂಚ್ಯಾರ್ಥ, ಶೋಧಿತಾರ್ಥ, ಗೂಢಾರ್ಥ ಎಂಬ ನಾಲ್ಕು ಸ್ತರಗಳ ವಿಂಗಡಣೆ ನೆಲೆಗೊಂಡಿತು. 1670ರಲ್ಲಿ ಪ್ರಕಟವಾದ ಸ್ಪಿನೋಜಾನ ಕೃತಿಯು ಗ್ರಂಥವನ್ನು ಇತಿಹಾಸದ ದೃಷ್ಟಿಯಿಂದ ಪರೀಕ್ಷಿಸಿ ಆಧುನಿಕ ವಿಮರ್ಶೆಗೆ ದಾರಿ ತೆರೆಯಿತು.

ಇದನ್ನೆಲ್ಲ ನಾವೇಕೆ ತಿಳಿಯಬೇಕು? ಪ್ರವಾದಿವರ್ಯರು(ಸ) ಝೈದ್ ಬಿನ್ ಸಾಬಿತ್‌(ರ)ರಿಗೆ ಯಹೂದಿಗಳ ಲಿಪಿಯನ್ನು ಕಲಿಯಲು ಆದೇಶಿಸಿದ್ದರು. ನಮ್ಮ ತಫ್ಸೀರ್‌ಗಳಲ್ಲಿ ಸೇರಿಕೊಂಡ ಇಸ್ರಾಈಲಿಯ್ಯಾತ್ ಕಥನಗಳನ್ನು ಇಬ್ನು ಕಸೀರ್(ರಹ್) ಮೂರಾಗಿ ವಿಂಗಡಿಸಿದರು: ನಮ್ಮ ಪ್ರಮಾಣಗಳು ಸಮರ್ಥಿಸುವಂಥವು, ನಿರಾಕರಿಸುವಂಥವು, ಮೌನ ವಹಿಸಿದಂಥವು. ಮೂರನೆಯದನ್ನು ನಾವು ನಂಬಬೇಕಿಲ್ಲ, ಸುಳ್ಳೆನ್ನಬೇಕಾಗಿಯೂ ಇಲ್ಲ. ಕುರ್‌ಆನ್ ಗ್ರಂಥದವರಲ್ಲಿ ಕೆಲವರು ವಚನಗಳನ್ನು ತಿರುಚಿದ್ದನ್ನು ಖಂಡಿಸಿದೆ. ಅವರೆಲ್ಲರೂ ಒಂದೇ ಸಮನಲ್ಲವೆಂದೂ ಹೇಳಿದೆ. ಆದುದರಿಂದ ಒಂದು ಸಮುದಾಯವನ್ನು ಇಡಿಯಾಗಿ ಹಳಿಯುವುದು ನಮಗೆ ಸಲ್ಲದು.

ಈ ಚರಿತ್ರೆಯಲ್ಲಿ ನಮಗೆ ಎರಡು ಎಚ್ಚರಿಕೆಗಳಿವೆ. ವಿದ್ವಾಂಸರ ಮಾತನ್ನೇ ದೇವವಾಣಿಯ ಸ್ಥಾನಕ್ಕೇರಿಸುವುದು ಒಂದು ಅಪಾಯ. ಅತ್ತೌಬಾ ಅಧ್ಯಾಯ ಅದನ್ನೇ ಎಚ್ಚರಿಸಿದೆ. ಗುರುವಿಲ್ಲದೆ, ಭಾಷೆಯ ಅರಿವಿಲ್ಲದೆ ವಚನವನ್ನು ತನಗೆ ತೋಚಿದಂತೆ ಎಳೆಯುವುದು ಇನ್ನೊಂದು. ಇಂದು ನಮ್ಮ ಮಕ್ಕಳ ಮೊಬೈಲಿಗೆ ಅರ್ಧ ನಿಮಿಷದ ತುಣುಕುಗಳಲ್ಲಿ ವಚನಗಳ ಅರ್ಥ ಬಂದು ಬೀಳುತ್ತಿದೆ. ಹೇಳಿದವರಾರು, ಯಾರಿಂದ ಕಲಿತರು, ವಚನದ ಹಿಂದುಮುಂದೇನು ಎಂದು ಕೇಳುವ ಅಭ್ಯಾಸವನ್ನು ಮನೆಯಲ್ಲಿಯೇ ಬೆಳೆಸಬೇಕಾಗಿದೆ. ವಾರಕ್ಕೊಮ್ಮೆಯಾದರೂ ಮನೆಯವರೆಲ್ಲ ಕುಳಿತು ಒಂದು ವಚನವನ್ನು ಕನ್ನಡ ಅನುವಾದ ಹಾಗೂ ವಿಶ್ವಾಸಾರ್ಹ ವ್ಯಾಖ್ಯಾನದೊಂದಿಗೆ ಓದೋಣ. ತಿಳಿಯದ್ದನ್ನು ಉಸ್ತಾದರಲ್ಲಿ ಕೇಳೋಣ.

ಗ್ರಂಥವನ್ನು ಪಡೆದವರ ಹೊಣೆ ಅದನ್ನು ಅರಿತು ಬಾಳುವುದು. ಅಲ್ಲಾಹನು ನಮಗೆ ಅದರ ಸರಿಯಾದ ತಿಳಿವಳಿಕೆಯನ್ನು ಕರುಣಿಸಲಿ. ಆಮೀನ್.