ಔಟ್‌ಹೌಸಿಗೆ ಎಳೆದ ವೈರು



ಚರಿತ್ರೆಯೆಂದರೆ ರಾಜರ ಯುದ್ಧಗಳು, ಒಪ್ಪಂದಗಳು ಮಾತ್ರವಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದೆ. ಮನೆಯ ಹಿಂದಿನ ಔಟ್‌ಹೌಸಿಗೆ ಎಳೆದ ಟಿ.ವಿ. ವೈರಿಗೂ ಒಂದು ಚರಿತ್ರೆಯುಂಟು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹವು ದೊಡ್ಡಮನೆ, ಗುಡಿಸಲು ಎಂಬ ಭೇದವಿಲ್ಲದೆ ಎಲ್ಲರ ಮೇಲೂ ಸಂಕೇತಗಳನ್ನು ಸುರಿಸುತ್ತದೆ. ಯಾರು ಏನನ್ನು ನೋಡಬೇಕೆಂದು ನಿರ್ಧರಿಸುವುದು ಮಾತ್ರ ಕೊನೆಯ ಹತ್ತಿಪ್ಪತ್ತು ಮಾರು ವೈರು.

ಮೊದಲ ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ‘ಸೈಟ್’ ಪ್ರಯೋಗ ನಡೆದಾಗ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂದಿತು. ಅವುಗಳಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ವ್ಯಾಸದ ಆಂಟೆನಾದಿಂದ ಹೊರಟ ವೈರು ಊರಿಗೆಲ್ಲ ಸೇರಿದ ಒಂದೇ ಟಿ.ವಿ.ಯಲ್ಲಿ ಮುಗಿಯುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಕಾರ್ಯಕ್ರಮ. ಆರಿಸಿಕೊಳ್ಳಲು ಬೇರೆ ಚಾನೆಲ್ ಇರಲಿಲ್ಲ. ಆದ್ದರಿಂದ ಜಗಳಕ್ಕೂ ಎಡೆಯಿರಲಿಲ್ಲ.

ಎರಡನೆಯ ಅಧ್ಯಾಯ 1991ರ ಕೊಲ್ಲಿ ಯುದ್ಧದ ಅನಂತರದ್ದು. ಕೇಬಲ್‌ನವರು ತಮ್ಮ ತಾರಸಿಯ ಮೇಲೆ ದೊಡ್ಡ ಡಿಶ್ ನಿಲ್ಲಿಸಿ, ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ತಾರಸಿಗೆ ವೈರು ಎಳೆದರು. ಆ ಒಂದೇ ವೈರಿನಲ್ಲಿ ಎಲ್ಲ ಚಾನೆಲ್‌ಗಳೂ ಬೇರೆಬೇರೆ ತರಂಗಾಂತರಗಳಲ್ಲಿ ಒಟ್ಟಿಗೆ ಹರಿದು ಬರುತ್ತಿದ್ದವು. ಬೇಕಾದುದನ್ನು ಆಯಾ ಟಿ.ವಿ.ಯೇ ಆರಿಸಿಕೊಳ್ಳುತ್ತಿತ್ತು. ಹಾಗಾಗಿ ಒಂದು ಸ್ಪ್ಲಿಟರ್ ಹಾಕಿದರೆ ಔಟ್‌ಹೌಸಿನವರಿಗೂ ಪೂರ್ಣ ಸ್ವಾತಂತ್ರ್ಯ. ಎರಡಾಗಿ ಹಂಚಿದಾಗ ಸಂಕೇತದ ಬಲ ಅರ್ಧಕ್ಕಿಂತ ತುಸು ಕಡಿಮೆಯಾಗಿ, ಚಿತ್ರದ ಮೇಲೆ ಚುಕ್ಕೆಗಳು ಉದುರುತ್ತಿದ್ದವು, ಅಷ್ಟೇ.

ಮೂರನೆಯ ಅಧ್ಯಾಯದಲ್ಲಿ ಪುಟ್ಟ ಡಿಶ್ ಮನೆಮನೆಯ ಮೇಲೆ ಬಂದಿತು. ಪ್ರಸಾರ ಭಾರತಿಯ ಡಿಡಿ ಡೈರೆಕ್ಟ್ ಪ್ಲಸ್ ಆರಂಭವಾದದ್ದು 2004ರ ಡಿಸೆಂಬರ್‌ನಲ್ಲಿ. ಇಲ್ಲಿ ಚಾನೆಲ್ ಆರಿಸುವುದು ಸೆಟ್ ಟಾಪ್ ಬಾಕ್ಸ್. ಡಿಶ್ಶಿನ ಮುಂದಿರುವ ಎಲ್.ಎನ್.ಬಿ.ಗೆ ಅದು ಅದೇ ವೈರಿನ ಮೂಲಕ 13 ಅಥವಾ 18 ವೋಲ್ಟ್ ಕಳುಹಿಸಿ, ಯಾವ ಬಗೆಯ ತರಂಗ ಬೇಕೆಂದು ಆಜ್ಞಾಪಿಸುತ್ತದೆ. ಇಬ್ಬರು ಯಜಮಾನರ ಆಜ್ಞೆಯನ್ನು ಒಂದೇ ವೈರು ಹೊರಲಾರದು. ಔಟ್‌ಹೌಸಿಗೆ ಸ್ವತಂತ್ರವಾಗಿ ಬೇಕೆಂದರೆ ಎರಡು ಹೊರದಾರಿಗಳ ಎಲ್.ಎನ್.ಬಿ., ಬೇರೆ ವೈರು, ಬೇರೆ ಬಾಕ್ಸ್ ಅಗತ್ಯ. 2013ರ ಮಾರ್ಚ್ 31ರ ಗಡುವಿನೊಂದಿಗೆ ಬೆಂಗಳೂರು, ಮೈಸೂರುಗಳ ಕೇಬಲ್ ಮನೆಗಳಲ್ಲಿಯೂ ಟಿ.ವಿ.ಗೊಂದು ಬಾಕ್ಸ್ ಎಂಬ ನಿಯಮವಾಯಿತು.

ಖರ್ಚು ತಪ್ಪಿಸಲು ಹಲವರು ಸುಲಭೋಪಾಯ ಕಂಡುಕೊಂಡರು: ಹಾಲಿನ ಬಾಕ್ಸಿನಿಂದಲೇ ಇನ್ನೊಂದು ವೈರನ್ನು ಹಿಂದಕ್ಕೆ ಎಳೆಯುವುದು. ಆಗ ಹಾಲಿನಲ್ಲಿ ಬಂದದ್ದೇ ಔಟ್‌ಹೌಸಿನಲ್ಲಿಯೂ. ನನ್ನ ಸೋದರತ್ತೆಯೊಬ್ಬರು ಹೀಗೆ ಎರಡು ವರ್ಷ ಟಿ.ವಿ. ನೋಡಿದರು. ಸಂಜೆಯ ವಾರ್ತೆಯ ನಡುವೆ ಥಟ್ಟನೆ ಕ್ರಿಕೆಟ್ ಬರುತ್ತಿತ್ತು. ಅವರು ಯಾರನ್ನೂ ಕೂಗಲಿಲ್ಲ, ಟಿ.ವಿ. ಆರಿಸಿ, ಹೂಬತ್ತಿ ಹೊಸೆಯುತ್ತ ಕೂರುತ್ತಿದ್ದರು. ಮೊಮ್ಮಗ ಬೇರೆ ವೈರು ಎಳೆಸಿ ರಿಮೋಟನ್ನು ಕೈಗೆ ಕೊಟ್ಟಾಗ ಅವರ ಮುಖ ಅರಳಿದ್ದನ್ನು ನಾನೇ ನೋಡಿದ್ದೇನೆ. ಆದರೆ ಆ ಬಳಿಕ ಸಂಜೆ ಹಾಲಿಗೆ ಬಂದು ಎಲ್ಲರೊಡನೆ ಕೂರುವುದು ನಿಂತೇಹೋಯಿತು. ಅವರನ್ನು ಕರೆಯುವುದೂ ನಿಂತಿತು.

ಊರಿಗೊಂದು, ಮನೆಗೊಂದು, ಕೋಣೆಗೊಂದು: ಇದೇ ಈ ವೈರಿನ ಚರಿತ್ರೆ. ಹಂತಹಂತವಾಗಿ ಆಯ್ಕೆ ಬೆಳೆಯಿತು. ಜೊತೆಗೆ ಕೂರುವವರು ಕಡಿಮೆಯಾದರು. ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ, ಅತ್ತೆಯ ರಿಮೋಟನ್ನು ಮರಳಿ ಕಸಿದುಕೊಳ್ಳುವ ಮನಸ್ಸು ನನಗಿಲ್ಲ.

ಆದುದರಿಂದ ಔಟ್‌ಹೌಸಿಗೆ ವೈರು ಎಳೆಸುವವರು ಅದನ್ನು ಪೈಪಿನಲ್ಲಿ ಹಾಯಿಸಿರಿ, ಮಳೆನೀರು ಒಳಗಿಳಿಯದಂತೆ ಗೋಡೆಯ ಹೊರಗೆ ವೈರನ್ನು ಸ್ವಲ್ಪ ಇಳಿಬಿಟ್ಟು ಬಗ್ಗಿಸಿರಿ, ಅರ್ಥಿಂಗನ್ನು ಬಲ್ಲವರಿಂದಲೇ ಮಾಡಿಸಿರಿ. ಮುಖ್ಯವಾಗಿ, ಅಲ್ಲಿರುವ ಹಿರಿಯರಿಗೆ ಅವರದೇ ರಿಮೋಟ್ ಕೊಡಿರಿ. ಕೊಟ್ಟ ಮೇಲೂ ಸಂಜೆ ಅವರನ್ನು ಹಾಲಿಗೆ ಕರೆಯಿರಿ.